ಆಕಳು ತಿಂದ ಹನ್ನೊಂದು ಕಿಟಕಿ

೧೯೮೮ರಲ್ಲಿ ನಾನು ಶಾಲೆ ಬಿಟ್ಟೆ. ಏಳನೇ ಕ್ಲಾಸು, ಅದೂ ಅರ್ಧ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. (ಮೇಷ್ಟ್ರು ತಡೆಯಲೂ ಇಲ್ಲ. ಅದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.)

ಆಮೇಲೆ ಒಂದು ವರ್ಷ ಕೋಗಳಿ ಸುತ್ತಮುತ್ತ ಅಪ್ಪನ ಕುರಿಗಳ ಹಿಂದೆ ಅಲೆದೆ. ಅಪ್ಪನಿಗೆ ಇಪ್ಪತ್ತರ ಮೇಲೆ ಎಣಿಸಲು ಬರುತ್ತಿರಲಿಲ್ಲ. ಆದರೆ ಸಂಜೆ ದೊಡ್ಡಿಗೆ ಬಂದ ಹಿಂಡಿನ ಮೇಲೆ ಒಮ್ಮೆ ಕಣ್ಣಾಡಿಸಿ, "ಮುರುಕಿವಿದು ಎಲ್ಲೈತಿ?" ಎಂದು ಕೇಳುತ್ತಿದ್ದ. ಹುಡುಕಿದರೆ ಆ ಮುರುಕು ಕಿವಿಯ ಕುರಿಯೊಂದೇ ಬಂದಿರುತ್ತಿರಲಿಲ್ಲ. ಲೆಕ್ಕ ಬೇಡ, ಮುಖ ಗೊತ್ತಿದ್ದರೆ ಸಾಕು ಎನ್ನುವುದು ನಮ್ಮ ಮನೆತನದ ವಿದ್ಯೆ.

ಅಂಥವನ ಮಗ ನಾನು. ಕುರಿ ಬಿಟ್ಟು ಕಿಟಕಿ ಹಿಡಿದೆ. ಕಿಟಕಿಗಳನ್ನೂ ಮುಖ ನೋಡಿಯೇ ಗುರುತು ಹಿಡಿಯುತ್ತೇನೆ ಎಂದು ಮೂವತ್ತು ವರ್ಷದಿಂದ ಜಂಬ ಕೊಚ್ಚಿಕೊಂಡು ಬಂದಿದ್ದೇನೆ. ಈ ಅಂಕಣದಲ್ಲೂ ಎರಡು ಸಲ ಕೊಚ್ಚಿದ್ದೇನೆ. ಆ ಹಳೆಯ ಸಂಚಿಕೆಗಳು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಮಿರ್ಚಿ ಕಟ್ಟಲು ಬಳಸಿಬಿಡಿ.

ಹೊಸದಾಗಿ ಓದುವವರಿಗೆ ಒಂದು ಮಾತು. ನನ್ನದು ಕೊಟ್ಟೂರಿನಲ್ಲಿ ಕಿಟಕಿ ಕೆಲಸದ ಅಂಗಡಿ. ಹಡಗಲಿಯಿಂದ ಹರಪನಹಳ್ಳಿವರೆಗೆ ಸೊಳ್ಳೆ ಎಲ್ಲೆಲ್ಲಿ ಉಂಟೋ ಅಲ್ಲೆಲ್ಲ ನನಗೆ ಕೆಲಸ ಉಂಟು. ನಾನು ಕೂರಿಸುವುದು ತೆಗೆದು ಹಾಕುವಂಥ ಸೊಳ್ಳೆ ಜಾಲರಿ. ಗಟ್ಟಿಯಾಗಿ ಬಡಿದುಬಿಡುವ ಜಾಲರಿಯನ್ನು ಯಾರು ಬೇಕಾದರೂ ಬಡಿಯಬಹುದು, ಅದಕ್ಕೆ ಸುತ್ತಿಗೆ ಸಾಕು. ತೂಗುವ ಜಾಲರಿಗೆ ಬುದ್ಧಿ ಬೇಕು. ಕಿಟಕಿಯ ಮರದ ಮೇಲಂಚಿಗೆ ಎರಡು ಕೊಕ್ಕೆ. ಜಾಲರಿಯ ತಲೆಗೆ ಎರಡು ಬಳೆ. ಬಳೆಯನ್ನು ಕೊಕ್ಕೆಗೆ ಸಿಕ್ಕಿಸಿದರೆ ಜಾಲರಿ ತೂಗುತ್ತದೆ. ಕೆಳಗೆ ಬೆರಳಲ್ಲಿ ತಿರುಗಿಸುವ ಎರಡು ಪಟ್ಟಿ, ಅದು ಅಲ್ಲಾಡದಂತೆ ಹಿಡಿದುಕೊಳ್ಳಲು. ಎತ್ತಿದರೆ ಬರಬೇಕು, ಬಿಟ್ಟರೆ ಕೂರಬೇಕು. ಅಷ್ಟೇ ನನ್ನ ಶಾಸ್ತ್ರ.

ಈಗ ಕಥೆಗೆ ಬರೋಣ.

ನಮ್ಮ ಅಂಗಡಿಯಿಂದ ಮೂರು ಓಣಿ ಆಚೆ ಗೌರಮ್ಮಜ್ಜಿಯ ಮನೆ. ಮಣ್ಣಿನ ದಪ್ಪ ಗೋಡೆಯ, ಮೂರು ತಲೆಮಾರಿನ ಮನೆ. ಬೇಕಾದಾಗ ಬೇಕಾದಷ್ಟು ಕೋಣೆ ಸೇರಿಸಿಕೊಂಡು ಬೆಳೆದಿದೆ. ಕಿಟಕಿ ಹನ್ನೊಂದು. ಹನ್ನೊಂದೂ ಹನ್ನೊಂದು ಅಳತೆ. ಒಂದೇ ತಾಯಿಯ ಮಕ್ಕಳು ಒಂದೇ ಎತ್ತರ ಇರುತ್ತಾರೆಯೇ?

ಅಜ್ಜಿಯ ಮೊಮ್ಮಗಳು ವೀಣಾ ದಾವಣಗೆರೆಯ ಆಸ್ಪತ್ರೆಯಲ್ಲಿ ಹಡೆದಿದ್ದಳು. ಬಸುರಿಯಾಗಿ ಏಳು ತಿಂಗಳಿದ್ದಾಗ ಅವಳಿಗೆ ಸೊಳ್ಳೆ ಜ್ವರ ಬಂದು ಎಂಟು ದಿನ ಮಲಗಿದ್ದು ಓಣಿಗೆಲ್ಲ ಗೊತ್ತು. ಆ ಎಂಟು ದಿನ ಅಜ್ಜಿ ಗಂಟಲೊಳಗೆ ಅನ್ನ ಇಳಿಸಿರಲಿಲ್ಲ. ಈಗ ಕೂಸು ತೂಕ ಕಡಿಮೆ. ಡಾಕ್ಟರು ಒಂದೇ ಮಾತು ಹೇಳಿ ಕಳಿಸುವವರಿದ್ದರು: ತಾಯಿ, ಮಗು ಇಬ್ಬರ ಹತ್ತಿರವೂ ಸೊಳ್ಳೆ ಸುಳಿಯಕೂಡದು. ಸೋಮವಾರ ಮನೆಗೆ ಬರುವುದೆಂದು ನಿಶ್ಚಯವಾಗಿತ್ತು.

ಬುಧವಾರ ಅಜ್ಜಿ ನನ್ನನ್ನು ಕರೆಸಿದರು.

"ಕೊಟ್ರಪ್ಪ, ಸೋಮವಾರ ಹೊತ್ತು ಮುಳುಗೂದ್ರಾಗ ಹನ್ನೊಂದೂ ಆಗಬೇಕಪಾ."

"ಆತು ಬಿಡಜ್ಜಿ. ಬಡಿದುಬಿಡ್ಲೋ, ತೂಗಹಾಕ್ಲೋ?"

"ಬಡದರ ನಾ ಆಕಳಿಗೆ ರೊಟ್ಟಿ ಹೆಂಗ ಕೊಡ್ಲಿ?"

ಅಜ್ಜಿ ದಿನಾ ಬೆಳಿಗ್ಗೆ ಮೊದಲ ರೊಟ್ಟಿಯನ್ನು ಪಡಸಾಲೆಯ ಕಿಟಕಿಯ ಸರಳಿನೊಳಗಿಂದ ಕೈಚಾಚಿ ಬೀದಿಯ ಆಕಳಿಗೆ ತಿನ್ನಿಸುತ್ತಾರೆ. ಆಕಳೂ ಟೈಮಿಗೆ ಸರಿಯಾಗಿ ಬಂದು ಕಿಟಕಿಗೆ ಮುಖ ಹಚ್ಚಿ ನಿಲ್ಲುತ್ತದೆ. ಇನ್ನೊಂದು ನೇಮ, ದೀಪ ಹಚ್ಚುವ ಹೊತ್ತಿಗೆ ಆ ಮನೆಯಲ್ಲಿ ಒಂದು ಕಿಟಕಿಯನ್ನೂ ಮುಚ್ಚುವಂತಿಲ್ಲ. "ಲಕ್ಷ್ಮಿ ಬರೋ ಹೊತ್ತಿನ್ಯಾಗ ಕದ ಹಾಕ್ಕೊಳ್ಳಾಕ ನಾವೇನ್ ಸಾಲಗಾರರಾ?" ಎನ್ನುತ್ತಾರೆ. ಸೊಳ್ಳೆಗಳೂ ಸರಿಯಾಗಿ ಅದೇ ಹೊತ್ತಿಗೆ ಬರುತ್ತವೆ ಎಂದು ಅಜ್ಜಿಗೆ ಹೇಳುವ ಧೈರ್ಯ ಯಾರಿಗಿದೆ?

ನಾನು ಅಳತೆಗೆ ಇಳಿದೆ. ನನ್ನ ಅಳತೆಗೆ ಟೇಪು ಬೇಡ. ಒಣಗಿದ ಜೋಳದ ದಂಟು ಸಾಕು. ದಂಟನ್ನು ಕಿಟಕಿಗೆ ಹಿಡಿಯುವುದು, ಹೆಬ್ಬೆರಳು ಒತ್ತುವುದು, ಅಲ್ಲೇ ಕತ್ತರಿಸುವುದು. ಉದ್ದಕ್ಕೊಂದು, ಅಗಲಕ್ಕೊಂದು. ಜೋಡಿಯನ್ನು ಬಣ್ಣದ ದಾರದಿಂದ ಕಟ್ಟುವುದು. ಅಡುಗೆಮನೆಗೆ ಹಳದಿ, ದೇವರ ಕೋಣೆಗೆ ಕೆಂಪು, ಬಾಣಂತಿ ಕೋಣೆಗೆ ಹಸಿರು, ಹೀಗೆ. ಇಂಚು, ಸೂತು, ಮಿಲಿಮೀಟರು ಯಾವ ರಗಳೆಯೂ ಇಲ್ಲ. ಅಂಕಿ ಬರೆದರೆ ತಾನೇ ಅಂಕಿ ತಪ್ಪುವುದು? ದಂಟು ತಪ್ಪುವುದಿಲ್ಲ.

"ಬರಕೊಳ್ಳಂಗಿಲ್ಲೇನೋ?" ಎಂದರು ಅಜ್ಜಿ.

"ಒಂದ್ಸಲ ಅಳದೆ ಅಂದ್ರ ಮತ್ತ ಅಳಿಯೋ ಮಗ ಅಲ್ಲಜ್ಜಿ ನಾನು" ಎಂದೆ. ಎದೆ ಉಬ್ಬಿಸಿಯೇ ಎಂದೆ.

ಹನ್ನೊಂದು ಜೋಡಿಯನ್ನೂ ಪಡಸಾಲೆಯ ಕಿಟಕಿಯ ಅಗಲವಾದ ಕಟ್ಟೆಯ ಮೇಲೆ ಸಾಲಾಗಿ ಇಟ್ಟು, ಕೈ ತೊಳೆದು ಚಹಾ ಕುಡಿಯಲು ಹಿತ್ತಲಿಗೆ ಹೋದೆ. ನಾನು ಕುರಿ ಕಾಯ್ದವನ ಮಗ. ದಂಟು ದನದ ಬಾಯಿಗೆ ಹೋಗುವ ವಸ್ತು ಎಂದು ಯಾರಾದರೂ ನನಗೆ ಕಲಿಸಬೇಕಿತ್ತೇ?

ಚಹಾ ಮುಗಿಸಿ ಬಂದರೆ ಅಜ್ಜಿಯ ಕೈ ಸರಳಿನ ಆಚೆ ಇತ್ತು. ಕೊನೆಯ ದಂಟಿನ ಅರ್ಧ ಆಕಳಿನ ಬಾಯಲ್ಲಿತ್ತು. ಇನ್ನರ್ಧ ನನ್ನ ಕಣ್ಣೆದುರೇ ಒಳಗೆ ಹೋಯಿತು. ಕರ್ ಕರ್ ಎಂಬ ಸದ್ದು ಇನ್ನೂ ಕಿವಿಯಲ್ಲಿದೆ.

ಬೀದಿಯಲ್ಲಿ ಇಬ್ಬರು ಹೆಂಗಸರು ನೀರಿನ ಕೊಡ ಇಳಿಸಿ ನಿಂತಿದ್ದರು. ಅಜ್ಜಿ ಅವರಿಗೆ ನನ್ನನ್ನು ತೋರಿಸಿ ಹೇಳುತ್ತಿದ್ದರು: "ನಾ ಆಕಳ ಮಾತು ಅಂದಿದ್ದಷ್ಟ. ನೋಡ್ರಿ, ಕೊಟ್ರಪ್ಪ ಬರೂವಾಗ್ಲೇ ಮೇವು ತಂದಾನ. ಅದಕ್ಕ ತಿನ್ನಾಕ ಸಲೀಸಾಗ್ಲಿ ಅಂತ ತುಂಡು ಮಾಡ್ಯಾನ, ಜೋಡಿ ಜೋಡಿ ಕಟ್ಟ್ಯಾನ! ಪುಣ್ಯಾತ್ಮ ಅದಾನವ್ವ!"

ಆಮೇಲೆ ನನ್ನ ಕಡೆ ತಿರುಗಿದರು. "ದಾರ ಅದರ ಹೊಟ್ಟಿಗೆ ಹೋಗಬಾರದಂತ ಬಿಚ್ಚಿ ಇಟ್ಟೀನಿ, ತಗೋಪಾ."

ಹನ್ನೊಂದು ದಾರದ ತುಂಡುಗಳು ನನ್ನ ಅಂಗೈಗೆ ಬಂದವು. ಹಳದಿ, ಕೆಂಪು, ಹಸಿರು, ನೀಲಿ. ಒಂದೂ ಕಡಿಮೆ ಇಲ್ಲ.

ಈಗ ನೀವೇ ಹೇಳಿ. ಆ ಕ್ಷಣದಲ್ಲಿ ಬುದ್ಧಿ ಇರುವವನು ಏನು ಮಾಡುತ್ತಾನೆ? "ಅಜ್ಜಿ, ಅವು ಮೇವಲ್ಲ, ಅಳತಿ" ಎನ್ನುತ್ತಾನೆ. ಎಲ್ಲರೂ ನಗುತ್ತಾರೆ. ಅರ್ಧ ತಾಸಿನಲ್ಲಿ ಮತ್ತೆ ಅಳೆದು ಮನೆಗೆ ಹೋಗುತ್ತಾನೆ.

ನಾನೇನು ಮಾಡಿದೆ? ತಲೆ ತಗ್ಗಿಸಿ, ಕೈ ಮುಗಿದು, "ಏನೋ ನಮ್ಮ ಕೈಲಾದ ಸೇವಾ ಅಜ್ಜಿ" ಎಂದೆ.

ಹೌದು. ಹಾಗೆಯೇ ಅಂದೆ. ಇಬ್ಬರು ಹೆಂಗಸರು ಸಾಕ್ಷಿ.

ಮನೆಗೆ ಬಂದೆ. ನನ್ನ ಹೆಂಡತಿ ಹಾಲಮ್ಮ ಎಸ್ಸೆಸ್ಸೆಲ್ಸಿ ಪಾಸು, ಅದೂ ಫಸ್ಟ್ ಕ್ಲಾಸು. ಅಂಗಡಿಯಲ್ಲಿ ಪೈಪು ಎತ್ತಿಕೊಡುವುದರಿಂದ ಹಿಡಿದು ಗಿರಾಕಿಗಳಿಗೆ ಉತ್ತರ ಹೇಳುವವರೆಗೆ ಅರ್ಧ ಕೆಲಸ ಅವಳದೇ. ನಾನು ಬಂದೊಡನೆ ಕೇಳಿದಳು.

"ಅಳತಿ ಎಲ್ಲಿರಿ?"

"ತಲಿಯಾಗ ಐತಿ."

"ದಂಟು?"

"ಈ ಸಲ ದಂಟೂ ಬೇಕಾಗಲಿಲ್ಲ."

ಅವಳು ನನ್ನ ತಲೆಯನ್ನು ಒಮ್ಮೆ ನೋಡಿದಳು. ಹನ್ನೊಂದು ಕಿಟಕಿ ಹಿಡಿಸುವಷ್ಟು ದೊಡ್ಡದಿದೆಯೇ ಎಂದು ನೋಡಿದಂತಿತ್ತು. "ನನ್ನ ಟೇಪು ಒಯ್ದು ಇನ್ನೊಂದ್ಸಲ ನೋಡ್ಕೊಂಡು ಬರ್ರಿ. ಬಾಣಂತಿ ಮನಿ ಅದು" ಎಂದಳು. ನಾನು ಟೇಪಿನ ಕಡೆ ನೋಡದೆ ಕೈಕಾಲು ತೊಳೆಯಲು ಹೋದೆ.

ಗುರುವಾರ ಒಂದು ಉಪಾಯ ಹೊಳೆಯಿತು. ಹೊಸದಾಗಿ ಒಂದು ಹೊರೆ ದಂಟು ಒಯ್ಯುವುದು. "ಕೊಕ್ಕೆ ಕೂರಿಸೋ ಜಾಗ ನೋಡಬೇಕಿತ್ತಜ್ಜಿ" ಎಂದು ನೆಪ ಹೇಳಿ ಒಳಗೆ ನುಗ್ಗಿ, ಸದ್ದಿಲ್ಲದೆ ಮತ್ತೆ ಅಳೆದುಬಿಡುವುದು. ಹೊರೆ ಹೆಗಲಿಗೇರಿಸಿ ಹೋದೆ.

ಅಜ್ಜಿ ಬಾಗಿಲಲ್ಲೇ ಇದ್ದರು. ಆಕಳೂ ಇತ್ತು.

"ಅಯ್ಯ, ಇವತ್ತೂ ತಂದ್ಯಾ ತಮ್ಮಾ!" ಎಂದವರೇ ಹೊರೆಯನ್ನು ನನ್ನ ಹೆಗಲಿನಿಂದ ಇಳಿಸಿಕೊಂಡು ಅದರ ಮುಂದೆ ಹಾಕಿಯೇಬಿಟ್ಟರು. "ದಿನಾ ತರಬ್ಯಾಡೋ, ಅದಕ್ಕೂ ಅಜೀರ್ಣ ಆದೀತು."

ನಾನು ಮತ್ತೆ ಕೈ ಮುಗಿದೆ. ಆಕಳು ನನ್ನ ಮುಖ ನೋಡುತ್ತ ಮೆಲುಕು ಹಾಕುತ್ತಿತ್ತು. ನನ್ನ ಗುಟ್ಟು ಅದೊಂದಕ್ಕೇ ಗೊತ್ತು ಎಂಬಂತೆ.

ಶುಕ್ರವಾರದಿಂದ ಭಾನುವಾರದವರೆಗೆ ನೆನಪಿನ ಮೇಲೆ ಹನ್ನೊಂದು ಜಾಲರಿ ಮಾಡಿದೆ. ಕಣ್ಣು ಮುಚ್ಚುವುದು, ಕಿಟಕಿಯ ಮುಖ ನೆನೆಸಿಕೊಳ್ಳುವುದು, ಕತ್ತರಿಸುವುದು. ಅಲ್ಯೂಮಿನಿಯಂ ಪಟ್ಟಿ, ಮೂಲೆಗೆ ಕೀಲು, ನೈಲಾನ್ ಬಲೆ, ರಬ್ಬರು. ತಲೆಗೆ ಹಿತ್ತಾಳೆಯ ಬಳೆ. ನಿಜ ಹೇಳುತ್ತೇನೆ, ನೋಡಲು ಬಲು ಚಂದ ಇದ್ದವು. ಅಳತೆ ಇಲ್ಲದ ಕೆಲಸಗಳು ನೋಡಲು ಯಾವಾಗಲೂ ಚಂದವೇ ಇರುತ್ತವೆ. ನಮ್ಮೂರಿನ ಎಷ್ಟು ರಸ್ತೆಗಳ ಉದ್ಘಾಟನೆ ನೋಡಿಲ್ಲ ನಾನು?

ಸೋಮವಾರ ಮಧ್ಯಾಹ್ನ ತೂಗಹಾಕಲು ಹೋದೆ.

ಕೊಕ್ಕೆ ಹಾಕಿದೆ, ಬಳೆ ಸಿಕ್ಕಿಸಿದೆ. ಮೊದಲ ಮೂರು ಕಿಟಕಿಗೆ ಸರಿಯಾಗಿ ಕೂತವು. ಅಡುಗೆಮನೆಯದು, ದೇವರ ಕೋಣೆಯದು, ಅಟ್ಟದ ಕೆಳಗಿನದು. ಎದೆ ಮತ್ತೆ ಉಬ್ಬಿತು. ಅಪ್ಪನ ರಕ್ತ ಸುಮ್ಮನೆ ಹೋದೀತೇ?

ನಾಲ್ಕನೆಯದು ತೂಗಿತು. ಆದರೆ ಎರಡೂ ಪಕ್ಕದಲ್ಲಿ ಎರಡೆರಡು ಬೆರಳು ಸಂದು. ಐದನೆಯದಕ್ಕೆ ಕೆಳಗೆ ನಾಲ್ಕು ಬೆರಳು. ಆರು, ಏಳು, ಹೀಗೆ ಹನ್ನೊಂದರವರೆಗೆ. ಎಲ್ಲವೂ ತೂಗಿದವು, ಯಾವುದೂ ಮುಚ್ಚಲಿಲ್ಲ. ಕೊಕ್ಕೆಯ ತಪ್ಪು ಏನೂ ಇರಲಿಲ್ಲ. ಪಾಪ, ಅವು ತಮ್ಮ ಕೆಲಸ ಮಾಡಿದವು. ಮೂರು ಬಿಟ್ಟು ಎಂಟೂ ಗಿಡ್ಡ. ಯಾಕೆ ಗಿಡ್ಡ ಎಂದರೆ, ಗೊತ್ತಿಲ್ಲದಾಗ ಮನುಷ್ಯ ಹೆದರಿ ಒಳಗೇ ಕತ್ತರಿಸುತ್ತಾನೆ. ದೊಡ್ಡದಾಗಿದ್ದರೆ ಕೊಯ್ದು ಸರಿಮಾಡಬಹುದಿತ್ತು. ಅಲ್ಯೂಮಿನಿಯಂ ನೀರು ಹಾಕಿದರೆ ಬೆಳೆಯುವುದಿಲ್ಲ.

ಅಜ್ಜಿ ಬಂದು ಸಂದಿನಲ್ಲಿ ಕೈ ತೂರಿಸಿದರು. ಬಳೆ ಸಮೇತ ಕೈ ಆಚೆ ಹೋಯಿತು.

"ಯಾಕೋ ತಮ್ಮಾ? ಐದ ದಿನದಾಗ ನಮ್ಮ ಕಿಟಕಿ ಬೆಳದಾವೇನು?"

"ಹಳೇ ಗೋಡಿ ನೋಡಜ್ಜಿ, ಸ್ವಲ್ಪ ಸರದೈತಿ" ಎಂದೆ. ನಾಚಿಕೆ ಎಂಬುದು ಒಮ್ಮೆ ಬಿಟ್ಟುಹೋದರೆ ಸುಳ್ಳು ಎಷ್ಟು ಸಲೀಸು ನೋಡಿ. ಮೂರು ತಲೆಮಾರು ಅಲ್ಲಾಡದೆ ನಿಂತ ಗೋಡೆಯ ಮೇಲೆ ನಾನು ಐದೇ ದಿನದಲ್ಲಿ ಕೇಸು ಹಾಕಿದೆ.

ಅಷ್ಟರಲ್ಲಿ ಕಾರು ಬಂತು. ಹೊತ್ತು ಮುಳುಗಲು ಇನ್ನೊಂದು ತಾಸು.

ಅಜ್ಜಿ ಆರತಿ ಎತ್ತಿ ತಾಯಿ ಮಗುವನ್ನು ಒಳಗೆ ಕರೆತಂದರು. ವೀಣಾ ಇನ್ನೂ ಸೊರಗಿದ್ದಳು. ಎದೆಗವಚಿಕೊಂಡ ಕೂಸಿನ ಮುಖದ ಮೇಲೆ ತೆಳು ಬಿಳಿ ಬಟ್ಟೆ. ದಾವಣಗೆರೆಯಿಂದ ಇಲ್ಲಿಯವರೆಗೂ ಆ ಬಟ್ಟೆ ತೆಗೆದಿರಲಿಲ್ಲವಂತೆ. ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು, ಕಿಟಕಿಯಲ್ಲಿ ತೂಗುತ್ತಿದ್ದ ಜಾಲರಿ ನೋಡಿದಳು. ದೂರದಿಂದ ಸಂದು ಕಾಣುವುದಿಲ್ಲ. ಅವಳ ಮುಖ ಅರಳಿತು.

"ಎಲ್ಲಾ ಆತಲ್ರಿ ಕಾಕಾ? ಇನ್ನ ಬಟ್ಟಿ ತಗೀಲ್ರಿ?"

ಕೇಳಿದ್ದು ಇಷ್ಟೇ.

"ಹ್ಞೂಂ ತಗಿಯವ್ವ" ಎನ್ನಬಹುದಿತ್ತು. ಸಂದಿಗೆ ಒಂದಿಷ್ಟು ಹತ್ತಿ ತುರುಕಿ, ನಾಳೆ ಸರಿಮಾಡುತ್ತೇನೆ ಎಂದು ಜಾರಿಕೊಳ್ಳಬಹುದಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಆ ಹುಡುಗಿ ನನ್ನ ಬಾಯನ್ನೇ ನೋಡುತ್ತಿದ್ದಳು. ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಆಗಲೇ ಹಿಡಿದಿದ್ದಳು.

"ತಡಿಯವ್ವ, ತಗೀಬ್ಯಾಡ" ಎಂದೆ. "ಅಳತಿ ತಪ್ಪೈತಿ. ಗೋಡಿ ಸರದಿಲ್ಲ, ನಾನು ಸುಳ್ಳು ಹೇಳಿದೆ. ಅವತ್ತು ಕಟ್ಟಿ ಮ್ಯಾಲ ಇಟ್ಟಿದ್ದು ಮೇವಲ್ಲ. ಈ ಮನಿ ಕಿಟಕಿಗಳ ಅಳತಿ."

ಅಜ್ಜಿ ಆರತಿ ತಟ್ಟೆ ಹಿಡಿದು ನಿಂತೇ ಇದ್ದರು. ಲೆಕ್ಕ ಹಾಕುತ್ತಿದ್ದರೆಂದು ಕಾಣುತ್ತದೆ.

"ಅಂದ್ರ ನಾನು ಆಕಳಿಗೆ ನಮ್ಮ ಮನಿ ಕಿಟಕಿ ತಿನ್ನಿಸೀನೇನೋ?"

"ಹೂಂನಜ್ಜಿ."

"ಮರುದಿನ ತಂದಿದ್ದು?"

"ಮತ್ತ ಅಳಿಯಾಕ ತಂದಿದ್ದೆ."

"ಅದನ್ನೂ ತಿನ್ನಿಸಿದ್ನಲ್ಲೋ! ಬಾಯಿ ಎಲ್ಲಿ ಇಟ್ಟಿದ್ಯೋ ನೀನು?"

"ನೀವು ಪುಣ್ಯಾತ್ಮ ಅಂದ್ರಿ. ಸುಮ್ನಾದೆ."

"ನಾ ದಿನಾ ಹತ್ತ್ ಮಂದಿಗೆ ಪುಣ್ಯಾತ್ಮ ಅಂತೀನೋ! ಹಾಲು ಹಾಕೋನಿಗೂ ಅಂತೀನಿ, ಅವ ಏನ್ ನೀರು ಹಾಕೋದ್ ಬಿಟ್ಟಾನಾ?"

ವೀಣಾ ನಕ್ಕಳು. ಮೊದಲು ಅಳುತ್ತಾಳೇನೋ ಎಂದುಕೊಂಡಿದ್ದೆ. ನಕ್ಕರೆ ಹೊಲಿಗೆ ನೋಯುತ್ತದೆಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಜ್ಜಿ ನಗಲಿಲ್ಲ. ಕಿಟಕಿಯ ಆಚೆ ಬಿಸಿಲು ನೋಡಿದರು. "ನಗೂದು ನಾಳೆ. ಹೊತ್ತು ಹೊಂಟೈತಿ. ಈಗೇನ್ ಮಾಡ್ತಿ ಹೇಳು."

(ಕೂಸಿಗೆ ಕೊಡೆಯಂಥ ಸಣ್ಣ ಪರದೆ ಕೊಡಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೊಡಿಸಿದ್ದರು. ಅದರೊಳಗೆ ವೀಣಾ ಹಿಡಿಸುತ್ತಾಳೆಯೇ? ಜ್ವರ ಬಂದದ್ದು ಅವಳಿಗೆ.)

ನಾನು ಫೋನು ತೆಗೆದು ಹಾಲಮ್ಮನಿಗೆ ಮಾಡಿದೆ. "ಟೇಪು ತಗೊಂಡ್ ಬಾ" ಎಂದೆ. ಮೂವತ್ತು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಆ ಕಡೆಯಿಂದ "ಹುಷಾರಿದ್ದೀರೇನ್ರಿ?" ಎಂದಳು.

ಮೊಪೆಡ್ಡಿನಲ್ಲಿ ಹತ್ತೇ ನಿಮಿಷದಲ್ಲಿ ಬಂದಳು. ಟೇಪು, ಪೆನ್ನು, ಒಂದು ನೋಟ್‌ಬುಕ್ಕು. ನಾನು ಟೇಪಿನ ತುದಿ ಹಿಡಿದೆ, ಅವಳು ಓದಿ ಬರೆದುಕೊಂಡಳು. ಕಿಟಕಿಗೊಂದು ನಂಬರು, ಜಾಲರಿಗೊಂದು ನಂಬರು. ಎಲ್ಲ ಬರೆದಾದ ಮೇಲೆ ಪುಟ ನೋಡುತ್ತ ನಿಂತಳು.

"ಪಡಸಾಲಿಗೆ ಮಾಡಿದ ಎರಡು ಜಾಲರಿ ಪಡಸಾಲಿಗೆ ಗಿಡ್ಡ ಆದ್ರೂ, ಬಾಣಂತಿ ಕೋಣಿ ಎರಡೂ ಕಿಟಕಿಗಿಂತ ಒಂದು ಗೇಣು ದೊಡ್ಡವು ಅದಾವು ನೋಡ್ರಿ."

"ಅದಕ್ಕ? ಒಳಗ ಕೂಡಂಗಿಲ್ಲಲ್ಲ."

"ಒಳಗ ಯಾಕ ಕೂಡಬೇಕು? ಗೋಡಿ ಮ್ಯಾಲ ತೂಗಹಾಕ್ರಿ. ಕಿಟಕಿ ಪೂರಾ ಮುಚ್ಚತೈತಿ."

ಜಾಲರಿ ಎಂದರೆ ಮರದ ಚೌಕಟ್ಟಿನ ಒಳಗೇ ಕೂರಬೇಕು ಎಂದು ನನಗೆ ಯಾರು ಹೇಳಿದ್ದರು? ಯಾರೂ ಇಲ್ಲ. ನಾನೇ ಹೇಳಿಕೊಂಡಿದ್ದೆ. ಮೂವತ್ತು ವರ್ಷ ನಾನೇ ಹೇಳಿ ನಾನೇ ಕೇಳಿದ್ದೆ. ಅಂಕಿಗಳನ್ನು ಪಕ್ಕಪಕ್ಕ ಬರೆದಿಟ್ಟವಳಿಗೆ ಅದು ಒಂದೇ ನೋಟಕ್ಕೆ ಕಂಡಿತು. ಮುಖ ನೋಡಿ ಗುರುತು ಹಿಡಿಯುವವನಿಗೆ ಒಂದು ಸಲಕ್ಕೆ ಒಂದೇ ಮುಖ.

ಮಣ್ಣಿನ ಗೋಡೆ ಸ್ಕ್ರೂ ಹಿಡಿಯುವುದಿಲ್ಲ. ತೂತು ಕೊರೆದು, ಮರದ ಗೂಟ ಬಡಿದು, ಗೂಟಕ್ಕೆ ಕೊಕ್ಕೆ ತಿರುಗಿಸಿದೆ. ಒಂದು ಕಡೆ ಗಿಲಾವು ಅಂಗೈಯಷ್ಟು ಉದುರಿತು, ಅಜ್ಜಿ ಅದಕ್ಕೂ ಒಂದು ಬೈದರು. ಗೋಡೆಯ ಉಬ್ಬುತಗ್ಗಿನಲ್ಲಿ ಸಂದು ಉಳಿಯದಂತೆ ಜಾಲರಿಯ ಅಂಚಿಗೆ ಅಜ್ಜಿಯ ಹಳೆಯ ಸೀರೆಯ ಪಟ್ಟಿ ಸುತ್ತಿ ಹೊಲಿದವಳು ಹಾಲಮ್ಮ. ಎತ್ತಿ ಸಿಕ್ಕಿಸಿದೆ. ಕೆಳಗಿನ ಪಟ್ಟಿ ತಿರುಗಿಸಿದೆ. ಇನ್ನೊಂದನ್ನೂ ಹಾಗೆಯೇ. ಕೋಣೆಯ ಬಾಗಿಲಿಗೆ ಒಂದು ಪರದೆ.

ಚಂದ ಇತ್ತೇ? ಇಲ್ಲ. ಗೋಡೆಗೆ ಬ್ಯಾಂಡೇಜು ಕಟ್ಟಿದಂತಿತ್ತು. ನನ್ನ ಕೈಯ ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಕುರೂಪದ್ದು ಇನ್ನೊಂದಿಲ್ಲ.

ಅಜ್ಜಿ ದೀಪ ಹಚ್ಚಿದರು. ಕಿಟಕಿಗಳೆಲ್ಲ ತೆರೆದೇ ಇದ್ದವು. ಹೊರಗೆ ಚರಂಡಿಯ ಮೇಲೆ ಸೊಳ್ಳೆಗಳು ಕಂಬದಂತೆ ಎದ್ದು ನಿಂತಿದ್ದವು. ಒಳಗೆ ವೀಣಾ ಕೂಸಿನ ಮುಖದ ಬಟ್ಟೆ ತೆಗೆದಳು. ಅದು ಒಮ್ಮೆ ಮುಖ ಸಿಂಡರಿಸಿ, ಆಕಳಿಸಿ, ಮತ್ತೆ ಮಲಗಿತು.

ಅವಳು ಬಟ್ಟೆಯನ್ನು ಮಡಿಸಿ ದಿಂಬಿನ ಕೆಳಗೆ ಇಟ್ಟಳು.

ಉಳಿದ ಆರು ಕಿಟಕಿಗಳ ಜಾಲರಿಯನ್ನು ಶುಕ್ರವಾರದೊಳಗೆ ಹೊಸದಾಗಿ ಮಾಡಿ ಕೊಟ್ಟೆ. ಆರೂ ಸರಿಯಾಗಿ ಕೂತವು. ಎತ್ತಿದರೆ ಬರುತ್ತವೆ, ಬಿಟ್ಟರೆ ಕೂರುತ್ತವೆ. ಬಾಣಂತಿ ಕೋಣೆಯ ಎರಡಕ್ಕೂ ಚಂದದ ಹೊಸವು ಹಾಕುತ್ತೇನೆಂದರೆ ಅಜ್ಜಿ ಕೇಳಲಿಲ್ಲ. "ಇರ್ಲಿ ಬಿಡು, ಕೂಸು ದೊಡ್ಡದಾದ ಮ್ಯಾಲ ತೋರಸ್ತೀನಿ" ಎಂದರು. ಏನನ್ನು ತೋರಿಸುತ್ತಾರೆ, ಯಾವ ಕಥೆ ಹೇಳುತ್ತಾರೆ ಎಂದು ಊಹಿಸಬಲ್ಲೆ. ಆ ಕಥೆಯಲ್ಲಿ ನನ್ನ ಪಾತ್ರ ಆಕಳಿಗಿಂತ ಸ್ವಲ್ಪ ಕೆಳಗೆ.

ನಾನು ಯೋಚಿಸುತ್ತಿರುವುದು ಬೇರೆ. ಪ್ರತಿ ವಾರ ಇಷ್ಟುದ್ದ ಅಂಕಣ ಬರೆಯುವವನಿಗೆ ಹನ್ನೊಂದು ಅಂಕಿ ಬರೆದುಕೊಳ್ಳಲು ಬರುವುದಿಲ್ಲವೇ? ಬರುತ್ತದೆ. ಚೆನ್ನಾಗಿಯೇ ಬರುತ್ತದೆ. ಆದರೆ ಓದು ಬಿಟ್ಟವನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಓದಿದವರು ಮಾಡುವುದನ್ನು ತಾನು ಮಾಡದೆಯೇ ಗೆಲ್ಲಬೇಕು. ಅವರು ಬರೆದುಕೊಂಡರೆ ಇವನು ನೆನಪಿಟ್ಟುಕೊಳ್ಳಬೇಕು. ಅವರು ಕೇಳಿ ತಿಳಿದರೆ ಇವನು ಹುಟ್ಟುತ್ತಲೇ ತಿಳಿದಿರಬೇಕು. ಅದನ್ನೇ ನಾನು ಸ್ವಾಭಿಮಾನ ಎಂದುಕೊಂಡಿದ್ದೆ. ನೆಟ್ಟಗೆ ನೋಡಿದರೆ, ಮೇಷ್ಟ್ರ ಮೇಲಿನ ಸಿಟ್ಟನ್ನು ಇಷ್ಟು ವರ್ಷ ಕಿಟಕಿಗಳ ಮೇಲೆ ತೀರಿಸಿಕೊಳ್ಳುತ್ತಿದ್ದೆ, ಅಷ್ಟೇ.

ಹಾಗಂತ ನನ್ನ ದುಡಿಮೆಯನ್ನು ನಾನೇ ಕೀಳು ಮಾಡಿಕೊಳ್ಳುವುದಿಲ್ಲ. ಶಾಲೆ ಬಿಟ್ಟ ಮೇಲೆ ಯಾರ ಮುಂದೆಯೂ ಕೈ ಚಾಚದೆ ಬದುಕಿದ್ದೇನೆ. ಈ ಹೊತ್ತಿಗೆ ನನ್ನದು ಎಂದು ಹೇಳಿಕೊಳ್ಳಬಹುದಾದದ್ದು ಇಷ್ಟು: ಸ್ವಂತ ಅಂಗಡಿ ಒಂದು. ಡ್ರಿಲ್ಲು ಎರಡು. ಮೊಪೆಡ್ಡು ಒಂದು. ನೋಟ್‌ಬುಕ್ಕು ಒಂದು, ತುಂಬಿದ ಪುಟ ನಾಲ್ಕು. ಯಾವ ಕಿಟಕಿಗೂ ಹೊಂದದ ಜಾಲರಿ ಆರು.